ಹಿಂದಿನ ಸೀಟಿನ ಮಾತು

ನಮ್ಮ ಮನೆಗೆ ಬರಬೇಕಾಗಿದ್ದ ಮಾತನ್ನೆಲ್ಲ ನಾನೊಬ್ಬಳೇ ಬಾಚಿಕೊಂಡು ಹುಟ್ಟಿದೆನಂತೆ, ಅದಕ್ಕೇ ತಂಗಿಯ ಪಾಲಿಗೆ ಏನೂ ಉಳಿಯಲಿಲ್ಲವಂತೆ. ಅಮ್ಮ ಇದನ್ನು ತಮಾಷೆಗೆ ಹೇಳುತ್ತಾಳೆ. ನನಗೆ ಮಾತ್ರ ಪ್ರತಿ ಸಲವೂ ಮೈ ಉರಿಯುತ್ತದೆ. ಗುಬ್ಬಿಗೆ ಕಿವಿ ಕೇಳಿಸುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ, ನಿಜ. ಆದರೆ ಅವಳಿಗೆ ಮಾತೇ ಇಲ್ಲ ಎಂದವರು ಯಾರು? ಅವಳು ಕೈಯೆತ್ತಿ ಶುರು ಮಾಡಿದಳೆಂದರೆ ನಾನೂ ಬಾಯಿ ಮುಚ್ಚಿಕೊಂಡು ಕೂರಬೇಕು. ತನ್ನ ಸೂಪರ್‌ವೈಸರ್ ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುವುದನ್ನು ಎರಡೇ ಬೆರಳಲ್ಲಿ ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾಳೆ. ಕೈ ಒಂದು ಕಡೆ ನಿಲ್ಲುವುದಿಲ್ಲ ಎಂದೇ ಅಪ್ಪ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟದ್ದು.

ನನ್ನದು ಟ್ಯಾಕ್ಸಿ ಓಡಿಸುವ ಕೆಲಸ. ಗುಬ್ಬಿಯದು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುವುದು. ಅವಳ ಮದುವೆಗೆ ಮುಂಚಿನಿಂದಲೂ ಬೆಳಿಗ್ಗೆ ಬಿಡುವವಳೂ ನಾನೇ, ಸಂಜೆ ಕರೆತರುವವಳೂ ನಾನೇ. ಮೊದಮೊದಲು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಒಂದು ದಿನ ಅವಳ ಕೈ ನೋಡುವ ಭರದಲ್ಲಿ ನಾನು ಕತ್ತು ತಿರುಗಿಸಿ ಹಾಲಿನ ವ್ಯಾನಿಗೆ ಗುದ್ದುವುದರಲ್ಲಿದ್ದೆ. ಅವತ್ತಿನಿಂದ ಅವಳ ಜಾಗ ಹಿಂದಿನ ಸೀಟಿನ ನಟ್ಟನಡುವೆ. ಮೇಲಿನ ಕನ್ನಡಿಯಲ್ಲಿ ನನಗೆ ಅವಳ ಕೈ ಕಾಣುತ್ತದೆ, ಅವಳಿಗೆ ನನ್ನ ತುಟಿ ಕಾಣುತ್ತದೆ. ಕತ್ತಲಾದರೆ ಕಾರಿನೊಳಗಿನ ಪುಟ್ಟ ದೀಪ ಹಾಕಿಕೊಳ್ಳುತ್ತೇವೆ. ಊರಿನ ಸುದ್ದಿಯೆಲ್ಲ ಆ ಅಂಗೈಯಗಲದ ಕನ್ನಡಿಯಲ್ಲಿ ನಮ್ಮಿಬ್ಬರ ನಡುವೆ ಓಡಾಡಿದೆ.

ತೊಂದರೆ ನನ್ನ ತಲೆನೋವಿನಿಂದ ಶುರುವಾಯಿತು. ಈಗಿನ ಗಾಡಿಗಳ ಬಿಳಿ ಹೆಡ್‌ಲೈಟು ನೋಡಿದ್ದೀರಲ್ಲ! ಹಿಂದೆ ಒಂದು ಗಾಡಿ ಬಂದರೆ ಸಾಕು, ಕನ್ನಡಿಯಿಂದ ನೇರ ಕಣ್ಣಿಗೇ ಚುಚ್ಚುತ್ತದೆ. ಮನೆಗೆ ಬಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದೆ, ಸುಮ್ಮನೆ ಕೂರದೆ ಗೊಣಗುತ್ತಿದ್ದೆ. ನಮ್ಮ ಮನೆಯವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನನ್ನ ಗೊಣಗಾಟ ತಡೆಯಲಾರದೆ ಒಂದು ಹೊಸ ಕನ್ನಡಿ ತಂದು ಕೂರಿಸಿದರು.

"ನೋಡೇ, ಇದಕ್ಕೆ ಎರಡು ಕಣ್ಣಿದೆ," ಎಂದರು. "ಮುಂದಿನ ಕಣ್ಣು ಹೊರಗೆ ಕತ್ತಲಾಗಿದೆಯಾ ಅಂತ ನೋಡುತ್ತೆ. ಈ ಕಡೆ, ಗಾಜಿನ ಕೆಳಗಿರೋ ಚುಕ್ಕಿ, ಹಿಂದಿನಿಂದ ಬೆಳಕು ಬೀಳ್ತಾ ಇದೆಯಾ ಅಂತ ನೋಡುತ್ತೆ. ಎರಡೂ ಹೌದು ಅಂದ್ರೆ ಕನ್ನಡಿ ತಾನೇ ಕಪ್ಪಾಗುತ್ತೆ. ನೀನು ಏನೂ ಮಾಡಬೇಕಾಗಿಲ್ಲ."

"ಹಿಂದಿನ ಗಾಡಿ ಕಾಣಿಸುತ್ತೋ ಇಲ್ವೋ?"

"ಕಾಣಿಸದೆ ಏನು? ಲೈಟು ಎರಡು ಚುಕ್ಕಿ ಥರ ಕಾಣಿಸುತ್ತೆ. ರಿವರ್ಸ್ ಹಾಕಿದ್ರೆ ಮತ್ತೆ ತಿಳಿಯಾಗುತ್ತೆ. ನಿನಗಿಂತ ಬುದ್ಧಿ ಇದೆ ಅದಕ್ಕೆ."

ಕೊನೆಯ ಮಾತಿಗೆ ತಕ್ಕ ಉತ್ತರ ಕೊಟ್ಟೆ ಅನ್ನಿ. ಆದರೆ ಕನ್ನಡಿ ಹೇಳಿದಂತೆಯೇ ಕೆಲಸ ಮಾಡಿತು, ತಲೆನೋವು ಹೋಯಿತು, ನಾನು ಕಂಡಕಂಡವರ ಮುಂದೆಲ್ಲ ಅದನ್ನು ಹೊಗಳಿಕೊಂಡು ತಿರುಗಿದೆ.

ಆ ಹೊತ್ತಿಗೆ ಗುಬ್ಬಿ ಗಂಡನ ಮನೆಯಿಂದ ಬಂದು ಅಮ್ಮನ ಹತ್ತಿರ ಇದ್ದಳು. ಯಾಕೆ ಬಂದಳೋ ಯಾರಿಗೂ ತಿಳಿಯದು. ನಾನು ಕೇಳಿದಾಗಲೂ ಆಮೇಲೆ ಹೇಳುತ್ತೇನೆ ಎಂದು ಕೈಯಾಡಿಸಿದ್ದಳು. ಅವಳ ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವವನು, ಬಲು ಮೆದು ಮಾತಿನವನು. ಅವನು ದನಿ ಎತ್ತಿದ್ದನ್ನು ಕಂಡವರಿಲ್ಲ. ಅಮ್ಮನಿಗೆ ಗುಬ್ಬಿಯ ಕೈಮಾತಿನಲ್ಲಿ ಊಟ, ನಿದ್ದೆ, ಬಾ, ಹೋಗು ಇಷ್ಟೇ ಗೊತ್ತು, ಅದಕ್ಕಿಂತ ಹೆಚ್ಚು ಕಲಿಯುವ ತಾಳ್ಮೆ ಅವಳಿಗೆ ಬರಲೇ ಇಲ್ಲ. ಮೊಬೈಲಿನಲ್ಲಿ ಬರೆದು ಹೇಳೋಣವೆಂದರೆ ಗುಬ್ಬಿಗೆ ಅಕ್ಷರ ಇವತ್ತಿಗೂ ಬೇರೆಯವರ ಮನೆ ಇದ್ದಹಾಗೆ. "ಬಾ", "ಸರಿ", "ಬೇಡ", ಅಲ್ಲಿಗೆ ಮುಗಿಯಿತು.

"ಹೊಡಿಯೋನಲ್ಲ, ಕುಡಿಯೋನಲ್ಲ. ಇನ್ನೇನು ಬೇಕಂತೆ ಇವಳಿಗೆ?" ಅಮ್ಮ ಫೋನಿನಲ್ಲಿ ನನ್ನ ಕಿವಿ ತಿಂದಳು. "ಸಂಜೆ ಬಂದು ಕರಕೊಂಡು ಹೋಗಿ ಬಿಟ್ಟು ಬಾ. ಇಲ್ಲೇ ಕೂತ್ರೆ ನಾಳೆ ಜನ ಏನಂತಾರೆ?"

ನನಗೂ ಹಾಗೇ ಅನ್ನಿಸಿತ್ತು. ಹೊಸ ಸಂಸಾರ, ಏನೋ ಮುನಿಸು, ನಾಲ್ಕು ದಿನ ಮುಖ ಊದಿಸಿಕೊಂಡಿದ್ದಾಳೆ, ಸರಿಹೋಗುತ್ತದೆ ಅಂದುಕೊಂಡೆ. ಸಂಜೆ ಕಾರು ನಿಲ್ಲಿಸಿದಾಗ ಗುಬ್ಬಿ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಂದವಳೇ ಹಿಂದೆ ಕೂತು, ಒಳಗಿನ ದೀಪ ತಾನೇ ಹಾಕಿದಳು.

ದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು. ಲಾರಿ, ಬಸ್ಸು, ಕಾರು ಎಲ್ಲವೂ ಒಂದೇ ಸಾಲಿನಲ್ಲಿ ತೆವಳುತ್ತಿದ್ದವು. ಹಗಲು ಬೆಳಕು ಆಗತಾನೇ ಹೋಗಿತ್ತು. ನನ್ನ ಬೆನ್ನಿಗೆ ಒಂದು ಲಾರಿ ಅಂಟಿಕೊಂಡು ದಾರಿಯುದ್ದಕ್ಕೂ ಹೆಡ್‌ಲೈಟು ಸುರಿಯಿತು. ಕನ್ನಡಿ ಕಪ್ಪಗೆ, ತಂಪಗೆ ಇತ್ತು. ಅದರೊಳಗೆ ಗುಬ್ಬಿಯ ಕೈ ಏನೋ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು, ನೀರಿನಡಿಯ ಕೈಯ ಹಾಗೆ. ಅಮ್ಮನ ಮೇಲಿನ ದೂರಿರಬೇಕು, ಸೂಪರ್‌ವೈಸರ್ ಕಥೆಯಿರಬೇಕು ಎಂದುಕೊಂಡೆ. ಕಣ್ಣು ರಸ್ತೆಯ ಗುಂಡಿಗಳ ಮೇಲಿತ್ತು. "ಹೂಂ" ಎಂದು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೂಂ" ಎಂದೆ. ಹೇಳಿಕೊಳ್ಳಲಿ, ಮನಸ್ಸು ಹಗುರವಾಗಲಿ ಎಂದೇ ತಲೆಯಾಡಿಸಿದ್ದು.

ಅವಳ ಗಂಡನ ಮನೆಯ ಮುಂದೆ ನಿಲ್ಲಿಸಿದಾಗ ಗುಬ್ಬಿ ಇಳಿದು, ಹಿಂದಿರುಗಿ ನೋಡದೆ ಗೇಟಿನತ್ತ ಹೋದಳು. ಗಾಡಿ ತಿರುಗಿಸಲು ರಿವರ್ಸ್ ಹಾಕಿದೆ. ಕನ್ನಡಿ ತಟ್ಟನೆ ತಿಳಿಯಾಯಿತು. ಬಾಗಿಲ ದೀಪದ ಕೆಳಗೆ ಅವಳು ಒಳಗೆ ಹೋಗುವುದು ಕಂಡಿತು, ಎರಡೂ ಕೈ ಜೋತುಬಿದ್ದಿದ್ದವು. ನಾನು ಬೀದಿ ದಾಟುವ ಮೊದಲೇ ಆ ಮನೆಯ ದೀಪ ಆರಿತು. ಇಷ್ಟು ಬೇಗ ಮಲಗುತ್ತಾರಾ, ಪರವಾಗಿಲ್ಲ, ರಾಜಿಯಾಗಿರಬೇಕು ಎಂದು ಒಬ್ಬಳೇ ನಕ್ಕೆ ಕೂಡ.

ಮರುದಿನ ಬೆಳಿಗ್ಗೆ "ಬೇಡ" ಎಂದು ಮೆಸೇಜು ಬಂತು. ಅದರ ಮರುದಿನವೂ "ಬೇಡ". ಕಾರ್ಖಾನೆಯ ಬಸ್ಸಿನಲ್ಲೇ ಹೋಗುತ್ತಿದ್ದಾಳೆಂದು ತಿಳಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ಬಿಟ್ಟುಬಂದದ್ದು ಅಮ್ಮನ ಮಾತಿಗೆ, ಮುನಿಸು ಮಾತ್ರ ನನ್ನ ಮೇಲಾ? ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿಗೇ ಹೋಗಿ, ಕೈ ಹಿಡಿದು ಎಳೆದುಕೊಂಡು ಬಂದು ಕಾರಿನಲ್ಲಿ ಕೂರಿಸಿದೆ. ಅವಳು ಹಿಂದಿನ ಸೀಟಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ನಮ್ಮ ಗುಬ್ಬಿ, ಕೈ ಒತ್ತಿ ಇಟ್ಟುಕೊಂಡು!

"ಏನೇ ನಿಂದು? ಬಾಯಿ ಬಿಡು!" ಎಂದು ಕಿರುಚಿದೆ. ಕಿರುಚಿ ಏನು ಬಂತು? ಅವಳ ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿದೆ. ಅವಳ ಕಣ್ಣು ತುಂಬಿತ್ತು.

ಆಗ ಕೈ ಹೊರಬಂದವು. ಹಗಲು ಬೆಳಕಿನಲ್ಲಿ ಒಂದೊಂದೂ ಸ್ಪಷ್ಟ.

"ಎಲ್ಲಾ ಹೇಳಿದೆ. ಹೂಂ ಅಂದೆ. ಬಿಟ್ಟು ಹೋದೆ. ಇನ್ನೇನು ಹೇಳಲಿ?"

"ಏನು ಹೇಳಿದ್ದೆ?"

ಅವಳು ನನ್ನನ್ನು ಮಿಕಿಮಿಕಿ ನೋಡಿದಳು. ಹುಚ್ಚಿಗೆ ಹೇಳುವಂತೆ ನಿಧಾನವಾಗಿ ಮತ್ತೆ ಹೇಳಿದಳು. ಅವನು ಹೊಡೆಯುವುದಿಲ್ಲ. ಬೈಯುವುದೂ ಇಲ್ಲ. ಅವಳು ಏನಾದರೂ ಕೇಳಲು, ಜಗಳಕ್ಕೆ, ಅಳುವುದಕ್ಕೆ ಕೈಯೆತ್ತಿದ ಕೂಡಲೇ ಎದ್ದು ಹೋಗಿ ಲೈಟು ಆರಿಸುತ್ತಾನೆ. ಆರಿಸಿ ಮಲಗುತ್ತಾನೆ. ಕತ್ತಲಲ್ಲಿ ಅವಳು ಕೈಯೆತ್ತಿಕೊಂಡೇ ನಿಂತಿರುತ್ತಾಳೆ. ಅವಳು ಹೋಗಿ ಹಾಕಿದರೆ ಅವನು ಬಂದು ಮತ್ತೆ ಆರಿಸುತ್ತಾನೆ. ಈಗೀಗ ಅವಳು ಸುಮ್ಮನೆ ಸೆರಗು ಸರಿ ಮಾಡಿಕೊಳ್ಳಲು ಕೈಯೆತ್ತಿದರೂ ಅವನ ಕಣ್ಣು ಸ್ವಿಚ್ಚಿನ ಕಡೆ ಹೋಗುತ್ತದಂತೆ.

"ನಾನು ಅಲ್ಲಿಗೆ ಹೋಗಲೇಬೇಕಾ ಅಂತ ಕೇಳಿದೆ," ಎಂದವು ಕೈಗಳು. "ನೀನು ಹೂಂ ಅಂದೆ."

ಆ ರಾತ್ರಿ ಅವರ ಮನೆಯ ದೀಪ ಆರಿದ್ದು ಕಣ್ಣ ಮುಂದೆ ಬಂತು. ನಾನು ಬೀದಿ ದಾಟುವ ಮೊದಲೇ! "ಕಾಣಿಸಲಿಲ್ಲ ಕಣೇ, ನನಗೆ ಕಾಣಿಸಲೇ ಇಲ್ಲ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ತೋರಿಸಿದೆ. ಕನ್ನಡಿಯ ಮುಂದಿನ ಕಣ್ಣನ್ನು ಹೆಬ್ಬೆರಳಿನಿಂದ ಮುಚ್ಚಿ, ಹಿಂದಿನ ಚುಕ್ಕಿಗೆ ಮೊಬೈಲಿನ ಟಾರ್ಚು ಹಿಡಿದೆ. ಗಾಜು ನಿಧಾನವಾಗಿ ಕಪ್ಪಾಯಿತು. ಅದರಲ್ಲಿ ಗುಬ್ಬಿಯ ಮುಖ ಮುಳುಗುತ್ತಾ ಹೋದದ್ದನ್ನು ಇಬ್ಬರೂ ನೋಡಿದೆವು.

ಅವಳು ತುಂಬ ಹೊತ್ತು ಕನ್ನಡಿಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ಗಾಳಿಯಲ್ಲಿ ಒಂದು ಸ್ವಿಚ್ಚು ಒತ್ತಿದಳು. ನೀನೂ.

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ನಮ್ಮ ಮನೆಯವರು ಬಿಟ್ಟಿದ್ದ ಕಪ್ಪು ಇನ್ಸುಲೇಷನ್ ಟೇಪು ಇತ್ತು. ಹಲ್ಲಿನಲ್ಲಿ ಕಚ್ಚಿ ಒಂದು ತುಂಡು ಹರಿದು ಆ ಚುಕ್ಕಿಯ ಮೇಲೆ ಅಂಟಿಸಿದೆ. ಎರಡನೆಯ ತುಂಡನ್ನೂ ಅದರ ಮೇಲೆ ಅಂಟಿಸಿದೆ. ಮತ್ತೆ ಮುಂದಿನ ಕಣ್ಣು ಮುಚ್ಚಿ ಟಾರ್ಚು ಹಿಡಿದು ನೋಡಿದೆ, ಕನ್ನಡಿ ಕಪ್ಪಾಗಲಿಲ್ಲ.

ಸಂಜೆ ಅವಳ ಜೊತೆಯಲ್ಲೇ ಆ ಮನೆಗೆ ಹೋದೆ. ಗಂಡ ಬಾಗಿಲು ತೆರೆದು ಮುಗುಳ್ನಕ್ಕ. "ಬನ್ನಿ ಅಕ್ಕಾ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?" ಔಷಧಿ ಶೀಶೆಗಳ ಹಾಗೆ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟ, ಚೊಕ್ಕಟವಾದ ಕೋಣೆ. ಕುರ್ಚಿಯಲ್ಲಿ ಕೂತ ಅವನ ಎದುರು ಗುಬ್ಬಿ ನಿಂತು ಕೈಯೆತ್ತಿದಳು.

ಅವನು ಎದ್ದ. ಜಗಳಕ್ಕಲ್ಲ, ಸಿಟ್ಟಿನಿಂದಲೂ ಅಲ್ಲ, ನಲ್ಲಿ ನಿಲ್ಲಿಸಲು ಹೋಗುವವನ ಹಾಗೆ ಎದ್ದು ಸ್ವಿಚ್‌ಬೋರ್ಡಿನ ಕಡೆ ನಡೆದ. "ದಿನವಿಡೀ ಅಂಗಡಿ ಲೈಟು ನೋಡಿ ಕಣ್ಣು ಉರೀತದೆ ಅಕ್ಕಾ," ಎಂದ.

ನಾನೂ ಇದನ್ನೇ ಅಲ್ಲವೇ ಗೊಣಗಿದ್ದು? ನಾನು ಅವನಿಗಿಂತ ಮೊದಲು ಹೋಗಿ ಸ್ವಿಚ್ಚಿನ ಮೇಲೆ ಅಂಗೈ ಇಟ್ಟು ನಿಂತೆ.

"ಉರೀಲಿ. ಹಾಗೇ ಇರ್ಲಿ ಲೈಟು."

"ಏನಕ್ಕಾ ಇದು? ನಾನೇನು ಹೊಡೆದ್ನಾ, ಬೈದ್ನಾ? ಅವಳನ್ನೇ ಕೇಳಿ ಬೇಕಾದ್ರೆ."

"ಅದಕ್ಕೇ ಬಂದಿರೋದು. ನೀವೂ ಕೇಳಿ. ಕಣ್ಣು ಬಿಟ್ಟುಕೊಂಡು ಕೇಳಿ."

ಗುಬ್ಬಿ ಮಾತಾಡಿದಳು. ಆ ಬೆಳಕಿನಲ್ಲಿ ನಿಂತು, ಒಂದು ವರ್ಷದ ಮಾತನ್ನೆಲ್ಲ ಆಡಿದಳು. ಕೆಲವು ಕಡೆ ಅವಳ ಕೈ ಒಂದಕ್ಕೊಂದು ಬಡಿದು ಸದ್ದಾಯಿತು. ಅವನು ಮೊದಲು ನೋಡಿದ. ಆಮೇಲೆ ನೆಲ ನೋಡಿದ. ಕೊನೆಗೆ ಕುರ್ಚಿಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡ. ಅವನ ರೆಪ್ಪೆಗೆ ನನ್ನ ಹತ್ತಿರ ಯಾವ ಸ್ವಿಚ್ಚೂ ಇರಲಿಲ್ಲ.

ಗುಬ್ಬಿ ಅದನ್ನು ನೋಡಿ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಒಳಗೆ ಹೋಗಿ ಬ್ಯಾಗು ತಂದಳು.

ವಾಪಸು ಬರುವಾಗ ರಸ್ತೆಯಲ್ಲಿ ಅದೇ ಸಾಲು, ಅದೇ ಲಾರಿಗಳು. ಟೇಪು ಅಂಟಿಸಿದ ಕನ್ನಡಿಯಿಂದ ಬೆಳಕು ಸೂಜಿಯ ಹಾಗೆ ಕಣ್ಣಿಗೆ ಬಂತು, ನೀರು ಸುರಿಯಿತು. ಆದರೆ ಒಳಗಿನ ದೀಪದಲ್ಲಿ ಅವಳ ಹತ್ತು ಬೆರಳೂ ಕಾಣುತ್ತಿದ್ದವು. ಅಮ್ಮನಿಗೆ ಏನು ಹೇಳಬೇಕೋ ನಾನು ಆಗಲೇ ಜೋಡಿಸಿಕೊಳ್ಳುತ್ತಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತೇನೆ, ಕೇಳದಿದ್ದರೆ ಗುಬ್ಬಿ ನನ್ನ ಮನೆಯಲ್ಲೇ ಇರುತ್ತಾಳೆ.

"ಕಣ್ಣು ನೋಯ್ತಾ ಇದೆಯಾ?" ಎಂದು ಕೈ ಕೇಳಿದವು.

"ಇಲ್ಲ," ಎಂದು ತುಟಿ ಆಡಿಸಿದೆ. ಸುಳ್ಳೆಂದು ಅವಳಿಗೆ ಗೊತ್ತು.

ಸ್ವಲ್ಪ ದೂರ ಹೋದಮೇಲೆ ಅವಳು ಮುಂದಕ್ಕೆ ಬಾಗಿ, ಕನ್ನಡಿಯಲ್ಲಿ ಸರಿಯಾಗಿ ಕಾಣುವಂತೆ ಕೈಯೆತ್ತಿ, ನಿಧಾನವಾಗಿ ಕೇಳಿದಳು: "ಅವತ್ತು ಕಂಡಿದ್ರೆ, ಗಾಡಿ ತಿರುಗಿಸ್ತಿದ್ದೆಯಾ?"

ನನಗೆ ಎಲ್ಲವೂ ಕಂಡಿತು. ಕಾಣಲಿಲ್ಲ ಎನ್ನಲು ಈ ಸಲ ಏನೂ ಇರಲಿಲ್ಲ. ಹೊಡಿಯೋನಲ್ಲ, ಕುಡಿಯೋನಲ್ಲ ಎಂದು ಅಮ್ಮ ಹೇಳಿದಾಗ ನಾನೂ ಹೌದೆಂದವಳೇ ತಾನೇ? ಮನೆಯ ಮಾತನ್ನೆಲ್ಲ ಬಾಚಿಕೊಂಡು ಹುಟ್ಟಿದ ನನಗೆ ಒಂದು ಮಾತೂ ಹೊಳೆಯಲಿಲ್ಲ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಗುಬ್ಬಿ ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದಳು.