ಹಸಿರು ಮರಕ್ಕೆ ಮೊಳೆ

ಏಣಿಯನ್ನು ಕಂಡರೆ ಗೇಲನ್‌ಗೆ ಆಗುತ್ತಿರಲಿಲ್ಲ. ಬೇಟೆಗೆಂದು ಮರದ ಮೇಲೆ ಕೂರುವ ಊರಿನ ಮಿಕ್ಕ ಗಂಡಸರೆಲ್ಲ ವಯಸ್ಸಾದ ಮೇಲೆ ಏಣಿಯ ತುದಿಗೆ ಕುರ್ಚಿ ಕೂಡಿಸಿದ ಒಂದು ಕಬ್ಬಿಣದ ಅಟ್ಟಣೆ ಕೊಂಡು ತಂದು, ಮರಕ್ಕೆ ಒರಗಿಸಿ, ಗೊಣಗುತ್ತಾ ಹತ್ತಿ, ಮೇಲೆ ಕೂತು ತೂಕಡಿಸುತ್ತಿದ್ದರು. ಅವನ ಅಕ್ಕ ಆರ್ಡಿತ್ ಕೂಡ ಒಂದು ಕ್ರಿಸ್‌ಮಸ್ಸಿಗೆ ಅಂಥದ್ದೇ ಕೊಡಿಸಿದ್ದಳು. ಅದು ಬಿಚ್ಚದ ಪೆಟ್ಟಿಗೆಯಲ್ಲೇ ಅವಳ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದರ ಮೇಲೆ ಒಂದು ಕೋಳಿ ಮೊಟ್ಟೆಯಿಡುತ್ತಿತ್ತು. ಗೇಲನ್ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಬೂಟಿನ ಒಳಮಗ್ಗುಲಿಗೆ ಉಕ್ಕಿನ ಮೊಳೆ ಬರುವ ಹಾಗೆ ಕಾಲಿಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಕಂಬವನ್ನು ಟಕ್ ಟಕ್ ಎಂದು ಒದೆಯುತ್ತಾ ಮೇಲೇರುವುದು ಅವನಿಗೆ ನಡೆದಷ್ಟೇ ಸಲೀಸು. ಕೆಲಸ ಬಿಟ್ಟ ದಿನ ಹೆಲ್ಮೆಟ್ಟು, ಕೈಗವಸು ಎಲ್ಲ ವಾಪಸ್ ಕೊಟ್ಟು ಬಂದವನು ಆ ಮೊಳೆಗಳನ್ನು ಮಾತ್ರ ಕೊಟ್ಟಿರಲಿಲ್ಲ.

“ಏಣಿ ಇರೋದು ಪೇಂಟ್ ಹೊಡೆಯೋರಿಗೆ,” ಎನ್ನುತ್ತಿದ್ದ. “ನಾನು ಏಣಿ ಹತ್ತೋದನ್ನ ಹಳೇ ಲೈನ್‌ಮನ್ ಯಾವನಾದ್ರೂ ನೋಡಿದ್ರೆ ನಾನು ಊರು ಬಿಡ್ಬೇಕಾಗತ್ತೆ.”

ಹತ್ತಲಿ, ಬೇಡ ಎಂದವರು ಯಾರು? ಆದರೆ ಅವನು ಒದ್ದು ಹತ್ತುತ್ತಿದ್ದದ್ದು ಆರ್ಡಿತ್‌ಳ ಮರಗಳನ್ನು. ಜಗಳವೆಲ್ಲ ಅದಕ್ಕೇ.

ಪೆನ್ಸಿಲ್ವೇನಿಯದ ಉತ್ತರದ ಆ ಗುಡ್ಡದ ಇಳಿಜಾರಿನಲ್ಲಿ ನಿಂತಿದ್ದವು ಕಾಡು ಚೆರ್ರಿ ಮರಗಳು. ತಿನ್ನುವ ಹಣ್ಣಿನವಲ್ಲ, ಕಪ್ಪು ತೊಗಟೆಯ, ಕೆಂಪು ತಿರುಳಿನ, ನೆಟ್ಟಗೆ ಬೆಳೆಯುವ ಮರಗಳು. ಆರ್ಡಿತ್‌ಳ ಗಂಡ ನಾರ್ಮನ್ ಮದುವೆಯಾದ ವರ್ಷದಿಂದ ಸಾಯುವ ವರ್ಷದವರೆಗೆ ಪ್ರತಿ ಚಳಿಗಾಲದಲ್ಲೂ ಸೊಟ್ಟ ಮರಗಳನ್ನು ಕಡಿದು ನೆಟ್ಟಗಿನವಕ್ಕೆ ಬಿಸಿಲು ಬಿಡಿಸಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅವನು ಸಾಕಿದ್ದು ಅವುಗಳನ್ನೇ. ಹೋದ ವರ್ಷದ ಹಿಂದಿನ ಬೇಟೆಗಾಲದಲ್ಲಿ ಗೇಲನ್ ಎಲ್ಲಕ್ಕಿಂತ ಚೆಂದದ, ಬುಗ್ಗೆಯ ಪಕ್ಕದ ಮರವನ್ನೇ ಆರಿಸಿಕೊಂಡು ಬುಡದಿಂದ ಕೊಂಬೆಯವರೆಗೂ ತೂತು ಹೊಡೆದುಕೊಂಡು ಹತ್ತಿದ್ದ. ವಸಂತ ಬಂದಾಗ ಒಂದೊಂದು ತೂತಿನಿಂದಲೂ ಅಂಟು ಒಸರಿ ಕಪ್ಪಗೆ ಗಟ್ಟಿಯಾಯಿತು. ಆರ್ಡಿತ್ ಅದನ್ನು ನೋಡಿ ಬುಡದಲ್ಲಿ ಕೂತು ಅತ್ತಳು. ನಾರ್ಮನ್ ಸತ್ತಾಗ ಅವಳು ಜನರೆದುರು ಅತ್ತವಳಲ್ಲ. ಆಮೇಲೆ ಒಂದು ಇಡೀ ಚಳಿಗಾಲ ಅಕ್ಕ ತಮ್ಮಂದಿರಿಗೆ ಮಾತಿರಲಿಲ್ಲ.

ಈ ಸಲ ನವೆಂಬರಿನಲ್ಲಿ, ಗಂಡು ಜಿಂಕೆಗಳಿಗೆ ಮದ ಬಂದು ಹಗಲಲ್ಲೂ ಹುಚ್ಚೆದ್ದು ತಿರುಗುವ ಹೊತ್ತಿಗೆ, ಗೇಲನ್ ಬಿಲ್ಲು ಬಾಣ ಟ್ರಕ್ಕಿಗೆ ಹಾಕಿಕೊಂಡು ಅವಳ ಅಡುಗೆಮನೆಗೆ ಬಂದು ಕೂತ. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗೆ ಬೇಟೆಗಾಲದ ಮನೆ ಅದೇ. ರಾತ್ರಿ ಕಲಸಿಟ್ಟು ಹುಳಿ ಬರಿಸಿದ ಬಕ್‌ವೀಟ್ ಹಿಟ್ಟನ್ನು ಆರ್ಡಿತ್ ಕಾವಲಿಯ ಮೇಲೆ ಹುಯ್ಯುತ್ತಿದ್ದಳು. ಹೊರಗಿನ್ನೂ ಬೆಳಕು ಹರಿದಿರಲಿಲ್ಲ.

“ಈ ಸಲ ಎಲ್ಲಿ ಕೂರ್ತೀಯೋ?”

“ಜಿಂಕೆ ಎಲ್ಲಿ ಬರತ್ತೋ ಅಲ್ಲಿ.”

“ಕೊಟ್ಟಿಗೇಲಿ ಏಣಿ ಇದೆ.”

“ಅದರ ಮೇಲೆ ಕೋಳಿ ಕೂತಿದೆ ಆರ್ಡಿ. ಎಬ್ಬಿಸಿದ್ರೆ ಪಾಪ ಬರತ್ತೆ.”

“ತಮಾಷೆ ಸಾಕು. ನನ್ನ ಚೆರ್ರಿಗೆ ಇನ್ನೊಂದು ತೂತು ಬಿತ್ತೋ, ನೀನು ಈ ಮನೆ ಮೆಟ್ಲು ತುಳೀಬೇಡ. ಮೇಪಲ್ಲಿಗೂ ಅಷ್ಟೇ. ಜೀವ ಇರೋ ಮರ ಯಾವುದನ್ನೂ ಮುಟ್ಕೂಡ್ದು. ಹತ್ಲೇಬೇಕು ಅಂತ ಕಾಲು ಕಡೀತಿದ್ರೆ ಸತ್ತಿರೋ ಮರ ಹತ್ತು. ಹಳ್ಳದಾಚೆ ಆಶ್ ಮರಗಳು ಸಾಲಾಗಿ ಒಣಗಿ ನಿಂತಿವೆಯಲ್ಲ, ಅವಕ್ಕೆ ಎಷ್ಟು ಬೇಕಾದ್ರೂ ಒದಿ. ನಾನು ಕೇಳಲ್ಲ.”

ಗೇಲನ್ ಮೇಪಲ್ ಪಾಕವನ್ನು ತಟ್ಟೆಯ ತುಂಬ ಸುರಿದುಕೊಂಡ.

“ನಾನು ಜೀವಮಾನ ಪೂರ್ತಿ ಸತ್ತ ಮರಾನೇ ಹತ್ತಿದ್ದು ಕಣೇ,” ಎಂದ. “ಕರೆಂಟ್ ಕಂಬ ಅಂದ್ರೆ ಏನು ಮತ್ತೆ? ಒಣಗಿದ್ದೇ ವಾಸಿ, ಮೊಳೆ ಚೆನ್ನಾಗಿ ಕಚ್ಕೊಳತ್ತೆ.”

“ಹಾಗಾದ್ರೆ ಆಯ್ತಲ್ಲ. ಮಧ್ಯಾಹ್ನ ಊಟಕ್ಕೆ ಬಾ. ಬೀನ್ಸ್ ಸೂಪ್ ಇಟ್ಟಿರ್ತೀನಿ.”

ಅವನು ಹೋದ ಮೇಲೆ ತಟ್ಟೆ ತೊಳೆಯುತ್ತಾ ಆರ್ಡಿತ್ ತನ್ನಷ್ಟಕ್ಕೆ ನಕ್ಕಳು. ಅವನು ಒಪ್ಪಿದ್ದನ್ನು ನಂಬುವಷ್ಟು ದಡ್ಡಿ ಅವಳಲ್ಲ. ಚಿಕ್ಕಂದಿನಲ್ಲಿ ಕೆರೆಯ ಮಂಜುಗಡ್ಡೆ ತೆಳ್ಳಗಿದೆ ಹೋಗಬೇಡ ಎಂದರೆ ಹೋಗಿ ಮುಳುಗಿ ಬಂದವನು. ಆ ಹುಡುಗಿ ಬೇಡ ಎಂದರೆ ಅವಳನ್ನೇ ಕಟ್ಟಿಕೊಂಡವನು. ಸಿಗರೇಟು ಬಿಡು ಎಂದರೆ ಮಾರನೆಯ ದಿನದಿಂದ ಎರಡೆರಡು ಹಚ್ಚಿದವನು. ಅಕ್ಕನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ಅವನಿಗೆ ಹುಟ್ಟುಗುಣ.

ಮಧ್ಯಾಹ್ನವಾಯಿತು. ಸೂಪು ತಳ ಹಿಡಿಯಲು ಶುರುವಾಯಿತು. ಅವಳು ಒಲೆ ಆರಿಸಿದಳು. ಗೇಲನ್ ಊಟದ ಹೊತ್ತು ತಪ್ಪಿಸುವವನಲ್ಲ. ಹಾಗಾದರೆ ಎರಡೇ ಕಾರಣ: ಜಿಂಕೆ ಬಿದ್ದಿದೆ, ಎಳೆದು ತರುತ್ತಿದ್ದಾನೆ, ಇಲ್ಲವೇ ನನ್ನ ಚೆರ್ರಿಯ ಮೇಲೆ ಕೂತು, ಇಳಿದು ಬಂದು ಮುಖ ತೋರಿಸಲು ಹೆದರುತ್ತಿದ್ದಾನೆ. ಎರಡನೆಯದೇ ಇರಬೇಕು ಎನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು. ನಾರ್ಮನ್‌ನ ಕಿತ್ತಳೆ ಬಣ್ಣದ ಟೋಪಿಯನ್ನು, ಕಾಡಿನಲ್ಲಿ ಬೇಟೆಗಾರರ ಕಣ್ಣಿಗೆ ಬೀಳಲೆಂದು, ಹಾಕಿಕೊಂಡು ಹೊರಟೇಬಿಟ್ಟಳು.

ಟ್ರಕ್ಕು ಕಾಡಿನ ಬಾಗಿಲಲ್ಲೇ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಅವಳು ಚೆರ್ರಿಗಳ ನಡುವೆ ಇಳಿಯತೊಡಗಿದಳು. ಇಳಿದಳು ಎಂದರೆ ಸುಮ್ಮನೆ ಇಳಿಯಲಿಲ್ಲ. ಒಂದೊಂದು ಮರದ ಮುಂದೂ ನಿಂತು, ಸುತ್ತು ಬಂದು, ತೊಗಟೆಯ ಮೇಲೆ ಅಂಗೈ ಆಡಿಸಿ, ಕತ್ತೆತ್ತಿ ನೋಡಿ ಮುಂದಿನ ಮರಕ್ಕೆ ಹೋದಳು. ಬಯ್ಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಒಂದು ಮರದಲ್ಲೂ ತೂತಿಲ್ಲ. ಬುಗ್ಗೆಯ ಪಕ್ಕದ ಮರದ ಹತ್ತಿರ ಇನ್ನಷ್ಟು ಹೊತ್ತು ನಿಂತಳು. ಅಲ್ಲೂ ಹಳೆಯ ಗಾಯಗಳಷ್ಟೇ. ದಾರಿಯಲ್ಲಿ ಒಮ್ಮೆ ಹಳ್ಳದ ಕಡೆಯಿಂದ ಏನೋ ಸದ್ದು ಬಂದಂತಾಯಿತು. ಯಾವುದೋ ಪ್ರಾಣಿ ಕೆಮ್ಮಿತು ಅಂದುಕೊಂಡು ಅವಳು ಮರ ನೋಡುವುದನ್ನು ಮುಂದುವರಿಸಿದಳು. ಇಳಿಜಾರು ಮುಗಿಯುವ ಹೊತ್ತಿಗೆ ಕೋಪವೆಲ್ಲ ಕರಗಿತ್ತು. ಪರವಾಗಿಲ್ಲ ಮಹಾರಾಯ, ಸಾಯುವುದರೊಳಗೆ ಒಂದು ಮಾತಾದರೂ ಕೇಳಿದೆ ಎಂದು ಬಾಯಿಬಿಟ್ಟೇ ಹೇಳಿಕೊಂಡಳು. ಈ ಮಾತು ಆಮೇಲೆ ಅವಳನ್ನು ಎಷ್ಟೋ ರಾತ್ರಿ ಎಬ್ಬಿಸಿ ಕೂರಿಸಿತು.

ಹಳ್ಳ ದಾಟಿದಾಗ ಮೊದಲು ಕಂಡದ್ದು ತೊಗಟೆ. ಬಾಗಿಲಿನಷ್ಟು ಉದ್ದದ ಒಂದು ಚಕ್ಕೆ ಎಲೆಗಳ ಮೇಲೆ ಮಗುಚಿಕೊಂಡು ಬಿದ್ದಿತ್ತು. ಆಮೇಲೆ ಕಂಡದ್ದು ಬಿಲ್ಲು. ಮೇಲೆ ಹೋದ ಮೇಲೆ ಎಳೆದುಕೊಳ್ಳಲೆಂದು ಹಗ್ಗ ಕಟ್ಟಿ ಬುಡದಲ್ಲಿಟ್ಟದ್ದು ಇಟ್ಟ ಹಾಗೇ ಇತ್ತು. ಅದರಾಚೆ ಗೇಲನ್ ಅಂಗಾತ ಬಿದ್ದಿದ್ದ.

ಆರ್ಡಿತ್ ದಂಗಾಗಿ ನಿಂತಳು. ಅವನ ಒಂದು ಕಾಲು ಮಡಿಚಬಾರದ ಕಡೆಗೆ ಮಡಿಚಿತ್ತು. ಆ ಕಾಲಿನ ಮೊಳೆ ಇನ್ನೊಂದು ತುಂಡು ತೊಗಟೆಯನ್ನು ಚುಚ್ಚಿಕೊಂಡೇ ಇತ್ತು. ತಲೆಯೆತ್ತಿದರೆ ಆಶ್ ಮರದ ಬುಡದಿಂದ ಮನೆಯ ಸೂರಿನೆತ್ತರದವರೆಗೆ ಮೊಳೆಯ ತೂತುಗಳು ಸಾಲಾಗಿ ಹೋಗಿದ್ದವು. ಅಲ್ಲಿಂದ ಮೇಲೆ ತೊಗಟೆಯೇ ಇರಲಿಲ್ಲ. ಬೆತ್ತಲೆ ಮರದ ಮೇಲೆ ಹುಳು ಕೊರೆದ ಸೊಟ್ಟ ಸೊಟ್ಟ ಗೀರುಗಳು. ಸೊಂಟದ ಬೆಲ್ಟಿನ ಹಗ್ಗ ಮರವನ್ನು ಸುತ್ತಿರಲಿಲ್ಲ, ಪಕ್ಕದ ಕೊಂಡಿಯಲ್ಲೇ ಜೋತುಬಿದ್ದಿತ್ತು. ಹಳೆಯ ಲೈನ್‌ಮನ್‌ಗಳ ಚಾಳಿ ಅದು: ಬರಿ ಮೊಳೆಯ ಮೇಲೆ ಹತ್ತಿಹೋಗಿ, ಬೆಲ್ಟು ಕಟ್ಟುವುದು ತುದಿಗೆ ಹೋದ ಮೇಲೆಯೇ.

“ಬಂದ್ಯಾ,” ಎಂದ ಗೇಲನ್.

ಬದುಕಿದ್ದಾನೆ. ಅವಳು ಬಿದ್ದಂತೆ ಅವನ ಪಕ್ಕ ಮಂಡಿಯೂರಿದಳು. ಅವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ತುಟಿಯ ಮೂಲೆಯಲ್ಲಿ ರಕ್ತ ಒಣಗಿತ್ತು.

“ಏನು ಮಾಡ್ಕೊಂಡ್ಯೋ ಗೇಲ್? ಯಾವಾಗ ಬಿದ್ದೆ?”

“ಬೆಳಕಾಗೋ ಹೊತ್ತಿಗೆ. ಕಾಲು ಇದೆಯೋ ಇಲ್ವೋ ನೋಡು, ನಂಗೆ ಗೊತ್ತಾಗ್ತಿಲ್ಲ.”

“ಇದೆ. ಎರಡೂ ಇದೆ. ಅಲ್ಲಾಡ್ಬೇಡ.”

“ನೀನು ಬರೋದು ಕೇಳಿಸ್ತಿತ್ತು,” ಎಂದ. ಒಂದೊಂದು ಮಾತಿಗೂ ಅವನು ಉಸಿರನ್ನು ಹುಡುಕಬೇಕಾಗಿತ್ತು. “ಎಲೆ ಮೇಲೆ ನಾಲ್ಕು ಹೆಜ್ಜೆ. ನಿಲ್ತಿದ್ದೆ. ಮತ್ತೆ ನಾಲ್ಕು ಹೆಜ್ಜೆ. ಮರ ನೋಡ್ತಿದ್ದಾಳೆ ಅಂದ್ಕೊಂಡೆ.”

“ಕೂಗೋದಲ್ವೇನೋ?”

“ಕೂಗಿದೆ. ಉಸಿರು ಸಾಲ್ಲಿಲ್ಲ.”

ಆರ್ಡಿತ್‌ಗೆ ದಾರಿಯಲ್ಲಿ ಕೇಳಿದ ಸದ್ದು ನೆನಪಾಯಿತು. ಆ ಕೆಮ್ಮು. ಅವಳು ತನ್ನ ಕೋಟು ಬಿಚ್ಚಿ ಅವನ ಮೇಲೆ ಹೊದಿಸಿದಳು.

“ಎಷ್ಟು ತೂತು ಸಿಕ್ತು?” ಎಂದ ಗೇಲನ್.

“ಏನು?”

“ನಿನ್ನ ಮರಗಳಲ್ಲಿ.”

“ಒಂದೂ ಇಲ್ಲ ಕಣೋ.”

“ಹ್ಞೂಂ,” ಎಂದ. ಅವನ ಮುಖದಲ್ಲಿ ಗೆದ್ದವನ ಕಳೆಯೊಂದು ಬಂತು. “ಒಂದನ್ನೂ ಮುಟ್ಲಿಲ್ಲ ನೋಡು.”

ಆ ಹಳ್ಳದ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಗುಡ್ಡದ ನೆತ್ತಿಗೇ ಹೋಗಬೇಕು. ಅವಳು ಏಳಹೋದಾಗ ಅವನು ಅವಳ ತೋಳು ಹಿಡಿದ.

“ಮೊದಲು ಮೊಳೆ ಬಿಚ್ಚು. ನೆಲದ ಮೇಲೆ ಮೊಳೆ ಹಾಕ್ಕೊಂಡಿರೋನ್ನ ನೋಡಿದ್ರೆ ಎತ್ಕೊಂಡು ಹೋಗಕ್ಕೆ ಬರೋ ಹುಡುಗ್ರು ನಗ್ತಾರೆ.”

ಹೊತ್ತು ಹೋಗುತ್ತಿದೆ ಎಂದು ಗೊತ್ತಿದ್ದೂ ಅವಳು ಬಿಚ್ಚಿದಳು. ಮುರಿದ ಕಾಲಿನ ಪಟ್ಟಿ ಸಡಿಲಿಸುವಾಗ ಅವನು ಚೀರಬಹುದೆಂದು ಹಲ್ಲು ಕಚ್ಚಿಕೊಂಡಳು. ಅವನಿಗೆ ಏನೂ ತಿಳಿಯಲೇ ಇಲ್ಲ. ಅದು ಚೀರಿದ್ದಕ್ಕಿಂತ ಹೆಚ್ಚು ಹೆದರಿಸಿತು. ಮೊಳೆಗಳನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ಚೆರ್ರಿಗಳ ನಡುವೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಈಗ ಒಂದು ಮರವೂ ಅವಳ ಕಣ್ಣಿಗೆ ಬೀಳಲಿಲ್ಲ.

ಪಕ್ಕದ ತೋಟದ ರಾಯ್ಸ್ ಊರಿನ ಅಗ್ನಿಶಾಮಕ ದಳದವನು; ಬೆಂಕಿಯಷ್ಟೇ ಅಲ್ಲ, ಇಂಥ ಅವಘಡಗಳಿಗೂ ಓಡಿ ಬರುವವರು ಅವರೇ. ನೆತ್ತಿಯಿಂದ ಅವಳು ಫೋನು ಮಾಡಿದ ಸ್ವಲ್ಪ ಹೊತ್ತಿಗೇ ಅವನೂ ಇನ್ನೂ ಕೆಲವರೂ ಸ್ಟ್ರೆಚರ್ ಹೊತ್ತು ಓಡೋಡಿ ಬಂದರು. ಆದರೆ ಆರ್ಡಿತ್ ಅವರಿಗಿಂತ ಮೊದಲೇ ಇಳಿದು ಬಂದಿದ್ದಳು, ನೋಡಿದ್ದಳು. ಗೇಲನ್ ಆಶ್ ಮರದ ತುದಿಯ ಕಡೆ ಕಣ್ಣು ತೆರೆದುಕೊಂಡು ಸತ್ತಿದ್ದ. ಕೋಟು ಹೊದಿಸಿದ ಹಾಗೇ ಇತ್ತು.

ರಾಯ್ಸ್ ಬಹಳ ಹೊತ್ತು ಅವನ ಕತ್ತಿನ ಮೇಲೆ ಬೆರಳಿಟ್ಟುಕೊಂಡಿದ್ದು, ಆಮೇಲೆ ಟೋಪಿ ತೆಗೆದ. ಎದ್ದು ಮರದ ಹತ್ತಿರ ಹೋಗಿ ಉಳಿದ ತೊಗಟೆಯನ್ನು ಬೆರಳಿನಿಂದ ಮೀಟಿದ. ಗೋಡೆಯ ಸುಣ್ಣ ಎದ್ದು ಬರುವ ಹಾಗೆ ಅದು ಎದ್ದು ಬಂತು.

“ಹುಳ ಒಳಗೆಲ್ಲ ತಿಂದು ಬಿಡಿಸಿಬಿಟ್ಟಿದೆ,” ಎಂದ. “ಮೊಳೆ ತೊಗಟೆ ದಾಟಿ ಒಳಗೆ ಹೋಗೇ ಇಲ್ಲ. ಕಂಬಕ್ಕೆ ತೊಗಟೆ ಇರಲ್ವಲ್ಲ. ಅವನ ಮೊಳೆ ಕಂಬಕ್ಕೆ ಮಾಡಿದ್ದು, ಗಿಡ್ಡ.”

“ನಾನೇ ಹೇಳಿದ್ದು ರಾಯ್ಸ್.”

“ಏನಂತ?”

“ಸತ್ತ ಮರ ಹತ್ತು ಅಂತ. ಬೆಳಿಗ್ಗೆ ಹೇಳಿದೆ.”

ರಾಯ್ಸ್ ಒಳ್ಳೆಯ ಮನುಷ್ಯ. ಅವಳ ಬೆನ್ನ ಮೇಲೆ ಕೈಯಿಟ್ಟು, ಸಮಾಧಾನವಾಗಲೆಂದು ಹೇಳಿದ: “ಗೇಲನ್ ಯಾವತ್ತು ಯಾರ ಮಾತು ಕೇಳಿದ್ದಾನೆ ಬಿಡು ಆರ್ಡಿತ್.”

ಶವಸಂಸ್ಕಾರದ ದಿನವೂ ಎಲ್ಲರೂ ಇದನ್ನೇ ಹೇಳಿದರು. ಹಠಮಾರಿ, ಯಾರ ಮಾತೂ ಕೇಳುತ್ತಿರಲಿಲ್ಲ ಎಂದರು. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹ್ಯಾಮ್, ಆಲೂಗಡ್ಡೆ ತಿನ್ನುತ್ತಾ ಅವನ ಹಳೆಯ ಭಂಡತನಗಳನ್ನು ನೆನೆದು ನಕ್ಕರು, ಕಣ್ಣೊರೆಸಿಕೊಂಡರು. ಆರ್ಡಿತ್ ತಟ್ಟೆ ಹಿಡಿದುಕೊಂಡು ಕೂತಿದ್ದಳು. ಅವರಿಗೆ ಹೇಳುವುದು ಹೇಗೆ? ಕೇಳಿದ್ದ, ಒಂದೇ ಒಂದು ಸಲ ಕೇಳಿದ್ದ.

ಮಾರನೆಯ ಬೆಳಿಗ್ಗೆ ಅವಳು ಆ ಮೊಳೆಗಳನ್ನು ಹೆಗಲಿಗೆ ಹಾಕಿಕೊಂಡು ಬುಗ್ಗೆಯ ಪಕ್ಕದ ಚೆರ್ರಿಯ ಬಳಿಗೆ ಹೋದಳು. ಗೇಲನ್ ಹೊಡೆದ ಹಳೆಯ ತೂತುಗಳನ್ನು ಅವಳು ಮೊದಲ ಸಲ ಸಿಟ್ಟಿಲ್ಲದೆ ನೋಡಿದಳು. ಅಂಟು ಉದುರಿಹೋಗಿತ್ತು. ಸುತ್ತಲಿನ ತೊಗಟೆ ಉಬ್ಬಿ ಒಂದೊಂದು ಗಾಯವೂ ಬಾಯಿ ಮುಚ್ಚಿಕೊಂಡಿತ್ತು. ಅವಳು ಬುಡದಲ್ಲಿ ಕೂತು ಪಟ್ಟಿಗಳನ್ನು ಬೂಟಿನ ಮೇಲೆ ಬಿಗಿದಳು. ಅವು ದೊಡ್ಡವು, ಕೊನೆಯ ತೂತಿಗೆ ಎಳೆದರೂ ಸಡಿಲವೇ. ಎದ್ದು ಮರವನ್ನು ಎರಡು ಕೈಯಿಂದ ತಬ್ಬಿಕೊಂಡು, ಕಾಲೆತ್ತಿ, ಇದ್ದ ಬಲವನ್ನೆಲ್ಲ ಹಾಕಿ ಒದ್ದಳು.

ಮೊಳೆ ಹಸಿ ಮರದೊಳಕ್ಕೆ ಹೋಯಿತು. ಅವಳು ಮೆಲ್ಲಗೆ ಅದರ ಮೇಲೆ ಭಾರ ಬಿಟ್ಟಳು, ಆಮೇಲೆ ಪೂರ್ತಿ ಭಾರ ಬಿಟ್ಟು ಇನ್ನೊಂದು ಕಾಲನ್ನೂ ನೆಲದಿಂದ ಎತ್ತಿದಳು. ಮರ ಅವಳನ್ನು ಹಿಡಿದುಕೊಂಡಿತು. ಒಂದಿಷ್ಟೂ ಜಾರಲಿಲ್ಲ. ನೆಲದಿಂದ ಗೇಣೆತ್ತರದಲ್ಲಿ, ಕಪ್ಪು ತೊಗಟೆಗೆ ಕೆನ್ನೆಯಿಟ್ಟುಕೊಂಡು, ಕಾಲು ಸೋತು ತಾನಾಗಿ ಇಳಿಯುವವರೆಗೂ ಅವಳು ಹಾಗೇ ನಿಂತಿದ್ದಳು.