ಮಿಷನ್ ಗರಗಸಕ್ಕೆ ಕೋವಿ ಎಣ್ಣೆ

ಬೊಳ್ಳಮ್ಮನ ಅಡಿಗೆಮನೆಯ ಕಡೆಗೆ ಒಣಗಿದ ಮತ್ತಿಮರವೊಂದು ವಾಲಿಕೊಂಡಿತ್ತು. ಮಳೆಗಾಲ ಹಿಡಿಯುವ ಮೊದಲು ಅದನ್ನು ತೆಗೆಸದಿದ್ದರೆ ಮರ ಹೆಂಚಿನ ಮಾಡಿನ ಮೇಲೆ, ಮಾಡು ಅವಳ ತಲೆಯ ಮೇಲೆ. ಇಷ್ಟು ತಿಳಿಯಲು ಮಡಿಕೇರಿಯ ಕಾಲೇಜಿಗೆ ಹೋಗಬೇಕಿರಲಿಲ್ಲ. ಆದರೆ ಅವಳ ಗಂಡ ದೇರಪ್ಪ ಮೂರ್ನಾಡಿನ ಸುತ್ತಮುತ್ತ ಮಿಷನ್ ಗರಗಸ ಇಟ್ಟುಕೊಂಡಿದ್ದ ಏಕೈಕ ಕಾಫಿ ಬೆಳೆಗಾರ. ಮರ ಕೊಯ್ಯುವ ಜವರಪ್ಪ ಬಂದರೆ, "ಇನ್ನು ನಿನ್ನ ಕೈಗರಗಸ ಬೇಡ ಮಾರಾಯ" ಎಂದು ಅಂಗಳದಿಂದಲೇ ಕಳಿಸಿಬಿಟ್ಟಿದ್ದ.

ಕೊಡಗೇ ಒಂದು ರಾಜ್ಯವಾಗಿ, ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಾಗಿ ಕೂತಿದ್ದ ಕಾಲ ಅದು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹಡಗು ಹತ್ತುತ್ತಿದ್ದರು. ಹಾಗೆ ಹೊರಟ ಒಬ್ಬ ದೊರೆಯಿಂದ ದೇರಪ್ಪ ಈ ಗರಗಸ ಕೊಂಡಿದ್ದ. ದೊರೆ ಬಿಡಿಸಿ ಬಿಡಿಸಿ ಹೇಳಿದ್ದ: ಕಬ್ಬಿಣದ ಪಟ್ಟಿಯ ಸುತ್ತ ಸರಪಳಿ ಓಡುತ್ತದೆ, ಎಷ್ಟು ಜೋರಾಗಿ ಓಡಿದರೂ ಸಿಡಿದುಹೋಗದೆ ಅಂಟಿಕೊಂಡಿರುವ ಎಣ್ಣೆ ಬೇಕು, ಬೇರೆ ಸಿಗದಿದ್ದರೆ ಲಾರಿ ಇಂಜಿನ್ನಿನ ದಪ್ಪ ಎಣ್ಣೆ ಹಾಕು. ಕಾಫಿ ಲೋಟ ಹಿಡಿದು ನಿಂತಿದ್ದ ಬೊಳ್ಳಮ್ಮನೂ ಕೇಳಿಸಿಕೊಂಡಿದ್ದಳು. ದೇರಪ್ಪನೂ ಕೇಳಿದ್ದ, ಆದರೆ ಕೇಳಿದ್ದನ್ನೆಲ್ಲ ಒಪ್ಪುವ ಜಾಯಮಾನ ಅವನದಲ್ಲ.

ಆಯುಧಗಳನ್ನು ಪೂಜಿಸುವ ಕೈಲು ಮುಹೂರ್ತದ ದಿನ ಕೋವಿ ಕತ್ತಿಗಳ ಜೊತೆ ಗರಗಸವನ್ನೂ ದೀಪದ ಮುಂದಿಟ್ಟು, ಗಂಧ ಹಚ್ಚಿ, ಕೋವಿಗೆ ಮುಡಿಸುವ ತೋಕುಪೂ ಹೂವನ್ನೇ ಅದಕ್ಕೂ ಸಿಕ್ಕಿಸಿದ. ಅಲ್ಲಿಗೆ ಮುಗಿಯಿತು! ಮರ ಕೊಯ್ಯುವ ಸಾಮಾನಿಗೆ ಆಯುಧವೆಂದು ಬಡ್ತಿ ಸಿಕ್ಕಿತು. ಆಯುಧಕ್ಕೆ ಕರಿ ಎಣ್ಣೆ ಮುಟ್ಟಿಸುವುದುಂಟೇ?

ಮೊದಲು ಬಂದದ್ದು ಬೊಳ್ಳಮ್ಮನ ಅಣ್ಣ ಪೂವಯ್ಯನ ಸಲಹೆ. "ಭಾವ, ಶುದ್ಧ ತೆಂಗಿನೆಣ್ಣೆ ಹಾಕಿ. ತಂಪು." ವಿರಾಜಪೇಟೆಯಿಂದ ಡಬ್ಬಿ ಬಂತು, ಗರಗಸದ ಹೊಟ್ಟೆಗೆ ಹೋಯಿತು. ಮಾರನೆಯ ಬೆಳಿಗ್ಗೆ ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗಿ ಕೂತಿತ್ತು. ಸಲಹೆ ಕೊಟ್ಟ ಮಹಾನುಭಾವ ಆಗಲೇ ಬಸ್ಸು ಹತ್ತಿದ್ದ. ಚಮಚದಲ್ಲಿ ಕೆರೆದು ತೆಗೆಯುವ ಭಾಗ್ಯ ತಂಗಿಯ ಪಾಲಿಗೆ ಬಂತು.

ಬೇಸಿಗೆ ಕಳೆಯುತ್ತ ಬಂದು ಮೋಡ ಕಟ್ಟಿತು. ಬೊಳ್ಳಮ್ಮ ಇನ್ನು ತಡೆಯಲಿಲ್ಲ.

"ದೊರೆ ಹೇಳಿದ ಎಣ್ಣೆ ಹಾಕಿಕಣಿ. ಲಾರಿ ಶೆಡ್ಡಲ್ಲಿ ಬೇಕಾದಷ್ಟು ಉಟ್ಟು."

"ದೀಪದ ಮುಂದೆ ಇಟ್ಟದ್ದಕ್ಕೆ ಲಾರಿ ಎಣ್ಣೆಯಾ? ನಿಂಗೆ ಎಂತ ಗೊತ್ತುಟ್ಟು?" ಎಂದ ದೇರಪ್ಪ. ಕಪಾಟಿನಿಂದ ಕೋವಿಗೆ ಹಾಕುವ ವಿಲಾಯಿತಿ ಎಣ್ಣೆಯ ಪುಟ್ಟ ಬಾಟಲಿಗಳನ್ನೆಲ್ಲ ತೆಗೆದ. ನೀರಿನಷ್ಟು ತೆಳ್ಳಗಿನ ಎಣ್ಣೆ. "ನೋಡ್, ಎಷ್ಟು ನೈಸ್! ಅಪ್ಪನ ಕಾಲದ ಕೋವಿಗೆ ಇವತ್ತಿಗೂ ಒಂದು ಚುಕ್ಕೆ ತುಕ್ಕಿಲ್ಲೆ."

ಕೋವಿ ಗೋಡೆಯಲ್ಲಿ ನೇತಾಡುತ್ತದೆ, ಸರಪಳಿ ಗರಗರ ತಿರುಗುತ್ತದೆ ಎಂದು ಯಾರು ಹೇಳಬೇಕು? ಹೇಳಿದರೂ ಯಾರು ಕೇಳಬೇಕು?

ಗರಗಸ ಆರ್ಭಟಿಸಿತು. ತೋಟದಾಳುಗಳ ಲೈನುಮನೆಗಳಿಂದ ಜನರೆಲ್ಲ ಬಂದು ನೋಡಿದರು. ಎಣ್ಣೆಯ ಹೆಚ್ಚಿನ ಪಾಲು ಸಿಡಿದು ದೇರಪ್ಪನ ಬಿಳಿ ಅಂಗಿಗೆ ಅಭಿಷೇಕವಾಯಿತು, ಉಳಿದದ್ದು ಮಣ್ಣಿಗೆ. ಮರದ ಅರ್ಧಕ್ಕೆ ಬರುವಾಗ ಪಟ್ಟಿ ಕಾದು ಹೊಗೆ ಎದ್ದಿತು. ಸರಪಳಿ ಕಿರ್ರೆಂದು ಹಿಡಿದು ನಿಂತಿತು. ಮರದೊಳಗೆ ಸಿಕ್ಕಿಕೊಂಡ ಗರಗಸ ಎಳೆದರೂ ಬರಲಿಲ್ಲ, ಒದ್ದರೂ ಬರಲಿಲ್ಲ.

ಈವರೆಗೆ ಬರೀ ವಾಲಿದ್ದ ಮರ ಈಗ ಅರ್ಧ ಕೊಯ್ದು ವಾಲಿದ್ದ ಮರವಾಯಿತು.

"ಜವರಪ್ಪನ್ನ ಕರೆಸಿ" ಎಂದಳು ಬೊಳ್ಳಮ್ಮ.

"ಅಂವ ಕೊಯ್ದರೆ ಮರ ಮಿಷನ್ ಮೇಲೇ ಕೂರ್ತದೆ. ಮೈಸೂರಿಂದ ಮೆಕ್ಯಾನಿಕ್ ಬರಲಿ."

"ಅಲ್ಲಿವರೆಗೆ?"

"ಅಲ್ಲಿವರೆಗೆ ನೀ ಸ್ವಲ್ಪ ನೋಡಿಕೊಂಡು ಅಡಿಗೆ ಮಾಡ್."

ಆಹಾ, ಎಂಥ ಉಪಾಯ! ಒಂದು ಕಣ್ಣು ಸಾರಿನ ಮೇಲೆ, ಇನ್ನೊಂದು ಮಾಡಿನ ಮೇಲೆ. ಸಂಜೆ ಹನಿ ಬಿದ್ದಾಗ ದೇರಪ್ಪ ಓಡಿಹೋಗಿ ಗರಗಸಕ್ಕೆ ತಾಡಪಾಲು ಹೊದಿಸಿ ಬಂದ. ಒಲೆಯ ಮುಂದಿನಿಂದ ಬೊಳ್ಳಮ್ಮ ಅದನ್ನು ನೋಡಿದಳು. ಕಬ್ಬಿಣ ನೆನೆಯಬಾರದು, ಹೆಂಡತಿ ಜಜ್ಜಿಹೋದರೆ ಅಡ್ಡಿಯಿಲ್ಲ ಅಂದ ಹಾಗಾಯಿತಲ್ಲ ಎಂದು ಅತ್ತಳು.

ಮಾರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತ್ತು. ದೇರಪ್ಪ ದಿನಾ ಊಟಕ್ಕೆ ಕೂರುವುದು ಮನೆಯ ಮುಂಭಾಗದ ಜಗಲಿಯಲ್ಲಿ. ಆ ದಿನ ಅಲ್ಲಿ ಮಣೆ ಇರಲಿಲ್ಲ.

"ಒಳಗೇ ಬನ್ನಿ. ಬಿಸಿಬಿಸಿ ಬಡಿಸ್ತೇನೆ" ಎಂದಳು ಬೊಳ್ಳಮ್ಮ.

ಮಣೆ ಒಲೆಯ ಪಕ್ಕ, ಅವಳು ದಿನಾ ಕೂರುವ ಜಾಗದಲ್ಲೇ ಇತ್ತು. ಅವನಿಗೆ ಪ್ರಿಯವಾದ ಕಾಡುಮಾವಿನ ಸಾರು. ಎರಡು ತುತ್ತು ಒಳಗೆ ಹೋಗಿತ್ತಷ್ಟೇ, ಮಾಡಿನ ಮೇಲಿಂದ ಕರ್ರ್ ಎಂದು ಉದ್ದಕ್ಕೆ ಒಂದು ಸದ್ದು ಬಂತು. ದೇರಪ್ಪ ಕತ್ತೆತ್ತಿ ಮಾಡು ನೋಡಿದ.

"ಎಂತದು ಅದ್?"

"ಮರ. ನಿನ್ನೆಯಿಂದ ಹಂಗೇ ಉಟ್ಟು." ಅವಳು ಸೌಟು ಎತ್ತಿದಳು. "ಇನ್ನೊಂದು ಹಣ್ಣು ಹಾಕಲಾ?"

ಮತ್ತೆ ಕರ್ರ್ ಎಂದಿತು. ದೇರಪ್ಪ ಎದ್ದು ಎಂಜಲು ಕೈಯಲ್ಲೇ ಹೆಂಡತಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದ. "ಜವರಪ್ಪಾ! ಏ ಜವರಪ್ಪಾ!" ಎಂದು ಕೂಗುತ್ತ ಲೈನಿನ ಕಡೆ ಓಡಿದ.

ಜವರಪ್ಪ ಹಗ್ಗ, ಕೈಗರಗಸ ಹಿಡಿದು ಬಂದು ಮರವನ್ನು ಸುತ್ತು ಹಾಕಿ ನೋಡಿದ. "ಆಚೆ ಎಳೆದು ಬೀಳಿಸಬಹುದು, ಗೌಡ್ರೆ. ಮಿಷನ್ ಮಾತ್ರ ಅಪ್ಪಚ್ಚಿ."

"ಸಾಯ್ಲಿ ಮಿಷನ್! ಬೊಳ್ಳಮ್ಮ ದಿನಾ ಕೂರುವ ಜಾಗ ಅದ್. ಬೇಗ ಕೊಯ್ಯಿ ಮಾರಾಯ!"

ಬೊಳ್ಳಮ್ಮ ಸೆರಗಿನಿಂದ ರಟ್ಟೆಗೆ ಮೆತ್ತಿದ್ದ ಸಾರು ಒರೆಸಿಕೊಂಡಳು. ಈ ಮಾತಿಗಾಗಿ ಅವಳು ಒಂದು ಬೇಸಿಗೆಯಿಡೀ ಕಾದಿದ್ದಳು, ಅವನಿಗೆ ಮಾತ್ರ ಎರಡು ತುತ್ತು ಸಾಕಾಗಿತ್ತು.