ಅಗಲ ಕಲ್ಲಿನ ಮೇಲೆ ರೊಟ್ಟಿ

ಅನಸುಬಾಯಿಯ ರೊಟ್ಟಿ ಸಣ್ಣದು ಎಂಬ ಮಾತು ಭಂಕೂರದ ಆ ಓಣಿಯಲ್ಲಿ ಹಬ್ಬಿದ್ದು ಅವಳ ಅತ್ತೆ ಭೀಮಬಾಯಿಯ ಬಾಯಿಂದಲೇ. ಹಾಗಂತ ಭೀಮಬಾಯಿ ಕೆಟ್ಟ ಅತ್ತೆಯೇನಲ್ಲ. ಸೊಸೆಗೆ ಜ್ವರ ಬಂದರೆ ತಾನೇ ಶಹಾಬಾದಿನ ದವಾಖಾನೆಗೆ ಕರೆದೊಯ್ಯುವಳು, ಸಂತೆಗೆ ಹೋದರೆ ಸೊಸೆಗೆಂದು ಹೂವು ಮರೆಯದೆ ತರುವಳು. ರೊಟ್ಟಿಯ ವಿಷಯ ಬಂದಾಗ ಮಾತ್ರ ಆಕೆಗೆ ದಯೆ ದಾಕ್ಷಿಣ್ಯ ಒಂದೂ ಇರುತ್ತಿರಲಿಲ್ಲ.

“ಇದು ರೊಟ್ಟಿ ಏನವ್ವಾ, ಪೂರಿ? ಬೀಗರು ನೋಡಿದ್ರ ಇವರ ಮನ್ಯಾಗ ಹಿಟ್ಟಿಗಿ ಬರ ಬಂದದ ಅಂತಾರ.”

ಅನಸುಬಾಯಿ ಸುಲೇಪೇಟದ ಹುಡುಗಿ. ತವರಿನಲ್ಲಿ ಅವಳ ರೊಟ್ಟಿಯಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಇಲ್ಲಿ ಬಂದು ತನ್ನ ಕೈ ಹೇಗೆ ಕುಗ್ಗಿತೋ ಅವಳಿಗೆ ತಿಳಿಯದು. ಅತ್ತೆಯ ಮಾತು ಸುಳ್ಳೆನ್ನಲೂ ಆಗದು, ಏಕೆಂದರೆ ಬಗ್ಗಿ ನೋಡಿದರೆ ಅವಳ ಕಣ್ಣಿಗೂ ರೊಟ್ಟಿ ಸಣ್ಣದೇ ಕಾಣುತ್ತಿತ್ತು. ಇನ್ನಷ್ಟು ಅಗಲ ಬಡಿಯಲು ಹೋದರೆ ಅಂಚು ತೆಳ್ಳಗಾಗಿ, ಹಂಚಿಗೆ ಎತ್ತಿ ಹಾಕುವಾಗ ಹರಿದು ಕೈಗೆ ಬರುತ್ತಿತ್ತು. “ಸಣ್ಣದಿತ್ತು, ಈಗ ಹರದೂ ಹೋಯ್ತು” ಎಂದು ಅತ್ತೆ ಅದಕ್ಕೂ ಒಂದು ಮಾತು ಸೇರಿಸುವಳು.

ಅವಳು ರೊಟ್ಟಿ ಬಡಿಯುತ್ತಿದ್ದುದು ಗಂಡ ತಂದುಕೊಟ್ಟ ಕಲ್ಲಿನ ಮೇಲೆ. ಧರ್ಮಣ್ಣ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲಿಗೆ ಪಾಲಿಶ್ ಮಾಡುವವನು. ಮದುವೆಯಾದ ಹೊಸದರಲ್ಲಿ, ಮೂಲೆ ಮುರಿದಿದೆ ಎಂದು ಬದಿಗಿಟ್ಟಿದ್ದ ಒಂದು ಹಾಸುಗಲ್ಲನ್ನು ಕೇಳಿ ಪಡೆದು, ಕನ್ನಡಿಯಂತೆ ಉಜ್ಜಿ, ಸೈಕಲ್ಲಿಗೆ ಕಟ್ಟಿ ದಾರಿಯುದ್ದಕ್ಕೂ ತಳ್ಳಿಕೊಂಡು ಬಂದಿದ್ದ. “ನಮ್ಮವ್ವನ ಹಲಗಿ ಭಾಳ ಸಣ್ಣದದ. ನೀ ಇದರ ಮ್ಯಾಲ ಆರಾಮ ಬಡಿ” ಎಂದಿದ್ದ. ಕಲ್ಲಿನವರ ಪ್ರೀತಿಯೂ ಭಾರವೇ ನೋಡಿ, ಅದನ್ನು ಒಲೆಯ ಮುಂದೆ ಇಳಿಸಲು ಇಬ್ಬರು ಬೇಕಾದರು. ಅನಸುಬಾಯಿಗಂತೂ ಆ ಕಲ್ಲೆಂದರೆ ಪ್ರಾಣ.

ಏಳು ತಿಂಗಳ ಬಸುರಿಯಾದ ನಾದಿನಿ ಸುಂದರಬಾಯಿಯ ಕುಬಸಕ್ಕೆ, ಸೀಮಂತದ ಶಾಸ್ತ್ರಕ್ಕೆ, ದಿನ ಗೊತ್ತಾಯಿತು. ಚಿತ್ತಾಪುರದಿಂದ ಬೀಗರು ಬರುವವರಿದ್ದರು. ಹಿಂದಿನ ದಿನ ಸಂಜೆ ಭೀಮಬಾಯಿ ಗೋಡೆಯಾಚೆಯ ಮಾಳಮ್ಮನನ್ನು ಕೂಗಿ ಹೇಳಿದ್ದು ಅನಸುಬಾಯಿಯ ಕಿವಿಗೆ ಬಿತ್ತು: “ನಾಳಿಗಿ ನೀನೇ ಬಂದು ರೊಟ್ಟಿ ಬಡದು ಕೊಡವ್ವಾ. ನಮ್ಮ ಸೊಸೀದು ಬೀಗರ ಮುಂದ ಇಡೋಹಂಗಿಲ್ಲ.”

ಮನೆಯಲ್ಲಿ ಸೊಸೆ ಗಟ್ಟಿಮುಟ್ಟಾಗಿ ಇರುವಾಗ ಕುಬಸದ ರೊಟ್ಟಿಗೆ ನೆರೆಮನೆಯವಳು ಬರುವುದೆಂದರೆ ಸಾಮಾನ್ಯದ ಮಾತೇ? ಬೀಗರು ಕೇಳದೆ ಬಿಡುವರೇ? ಆಮೇಲೆ ಅದು ಚಿತ್ತಾಪುರ ದಾಟಿ ಸುಲೇಪೇಟಕ್ಕೆ, ಅವ್ವನ ಕಿವಿಗೆ ಹೋಗುವುದು. ಅನಸುಬಾಯಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮಾಳಮ್ಮ ಬರುವುದರೊಳಗೆ ಒಂದು ಬುಟ್ಟಿ ರೊಟ್ಟಿಯಾದರೂ ಮಾಡಿಟ್ಟುಬಿಡಬೇಕೆಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದಳು.

ಬಡಿಯುವ ಸದ್ದಿಗೆ ಭೀಮಬಾಯಿ ಎದ್ದು ಬಂದಳು. ಬೈಯಬೇಕೆಂದಿದ್ದಳು, ಸೊಸೆಯ ಕೆಂಪು ಕಣ್ಣು ಕಂಡು ಬೈಗುಳ ನುಂಗಿದಳು. ತನ್ನ ಹಳೆಯ ಕಟ್ಟಿಗೆ ಹಲಗೆ ತಂದು ಪಕ್ಕದಲ್ಲೇ ಕುಳಿತು ತಾನೂ ಬಡಿಯತೊಡಗಿದಳು. ಆ ಹಲಗೆ ಎಷ್ಟು ಸಣ್ಣದೆಂದರೆ ರೊಟ್ಟಿಯ ಅಂಚು ಅದರ ಅಂಚಿಗೇ ಕೂಡುತ್ತಿತ್ತು. ಹಂಚು ಆಕೆಯ ಕೈಗೆ ಹತ್ತಿರವಿದ್ದುದರಿಂದ ಇಬ್ಬರ ರೊಟ್ಟಿಯನ್ನೂ ಆಕೆಯೇ ಎತ್ತಿ ಹಾಕುತ್ತಿದ್ದಳು.

“ನೋಡು, ನಂದೆಷ್ಟದ, ನಿಂದೆಷ್ಟದ” ಎಂದು ಗೊಣಗುತ್ತಾ ಭೀಮಬಾಯಿ ತನ್ನ ರೊಟ್ಟಿ ಎತ್ತಿ ಹಂಚಿಗೆ ಹಾಕಲು ಎರಡೂ ಕೈ ಚಾಚಿದಳು. ಬಳಿಕ ಸೊಸೆಯ ಕಲ್ಲಿನತ್ತ ತಿರುಗಿ ಅವಳ ರೊಟ್ಟಿಗೆ ಚಾಚಿದಳು.

ಅನಸುಬಾಯಿ ಆ ಕೈಗಳನ್ನೇ ನೋಡಿದಳು. ರೊಟ್ಟಿ ಮುಟ್ಟುವ ಮೊದಲೇ ಅವು ಗಾಳಿಯಲ್ಲಿ ಅಗಲವಾಗಿದ್ದವು, ಅತ್ತೆಯ ಸ್ವಂತ ರೊಟ್ಟಿಗೆ ಅಗಲವಾದಷ್ಟೇ. ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಬಾಯಿ “ಸಣ್ಣದು” ಎನ್ನುತ್ತಿತ್ತು. ಕೈ ಮಾತ್ರ ತಡವರಿಸದೆ ಸರಿಯಾಗಿ ಅಂಚಿಗೇ ಹೋಗಿ ಕೂತಿತ್ತು.

“ಅತ್ತೀ, ತಡೀರಿ! ನಿಮ್ಮ ಕೈಗಿ ಅದು ಸಣ್ಣದು ಅಂತ ಗೊತ್ತೇ ಇಲ್ರಿ.”

“ಏನು ಹುಚ್ಚಿನಂಗ ಮಾತಾಡ್ಲಿಕತ್ತೀದಿ?”

“ನಿಮ್ಮದಕ್ಕ ಎಷ್ಟು ಅಗಲ ಮಾಡಿದ್ರೋ ನಂದಕ್ಕೂ ಅಷ್ಟೇ ಅಗಲ ಮಾಡೀರಿ. ಸಣ್ಣದಿದ್ರ ಕೈ ಕೂಡಸ್ತಿದ್ದಿಲ್ಲೇನ್ರಿ? ಬೆಂದ ಮ್ಯಾಲ ಒಂದರ ಮ್ಯಾಲೊಂದು ಇಟ್ಟು ನೋಡ್ರಿ.”

ಎರಡೂ ಬೆಂದ ಮೇಲೆ, ಸೊಸೆಗೆ ಬುದ್ಧಿ ಹೇಳಿದಂತಾಗಲಿ ಎಂದೇ ಭೀಮಬಾಯಿ ಒಂದರ ಮೇಲೊಂದು ಇಟ್ಟಳು. ಅಂಚಿಗೆ ಅಂಚು ಕೂತಿತು. ತನ್ನ ರೊಟ್ಟಿಯನ್ನೇ ಎತ್ತಿ ಸೊಸೆಯ ಕಲ್ಲಿನ ಮೇಲೆ ಹಾಕಿದಳು, ಅದು ಪೂರಿಯಾಯಿತು. ಸೊಸೆಯದನ್ನು ತನ್ನ ಹಲಗೆಗೆ ಹಾಕಿದಳು, ಅದು ಹಲಗೆ ತುಂಬಿತು. ಮತ್ತೆ ಅದಲುಬದಲು ಮಾಡಿದಳು. ನಿಜ ತಿಳಿದ ಮೇಲೂ ಕಣ್ಣು ಮಾತ್ರ ತನ್ನ ಹಟ ಬಿಡಲಿಲ್ಲ.

“ಅಯ್ಯ, ಇನ್ನೂ ಸಣ್ಣದೇ ಕಾಣ್ತದಲ್ಲವ್ವಾ!” ಎಂದು ಭೀಮಬಾಯಿ ನಕ್ಕುಬಿಟ್ಟಳು. “ನನ ಮಗ, ಅಂಗಳದಷ್ಟು ದೊಡ್ಡ ಕಲ್ಲು ತಂದು ಕೊಟ್ಟಾನ. ಅದರ ಮ್ಯಾಲ ಬಂಡಿಗಾಲಿ ಇಟ್ರೂ ಸಣ್ಣದೇ ಕಾಣ್ತದ.” ಒಳಗೆ ಮಲಗಿದ್ದ ಧರ್ಮಣ್ಣನಿಗೆ ಬೈಗುಳ ಕೇಳಿಸಿತೋ ಇಲ್ಲವೋ, ಅವನು ಮಗ್ಗುಲು ಬದಲಿಸಿದ. ನಗು ನಿಂತ ಮೇಲೆ ಭೀಮಬಾಯಿ ಹಿಟ್ಟಿನ ಕೈಯಿಂದಲೇ ಸೊಸೆಯ ಗಲ್ಲ ಸವರಿದಳು. “ಇಷ್ಟು ದಿನ ನಾ ಅಂದಾಗ ನನಗ ತಿರುಗಿ ಒಂದ್ ಮಾತಾದ್ರೂ ಅನಬೇಕಿತ್ತಲ್ಲ, ಅನಸೂ” ಎಂದಳು. ಅನಸುಬಾಯಿ ಗಲ್ಲದ ಹಿಟ್ಟನ್ನು ಒರೆಸದೆ ಹಾಗೇ ಬಿಟ್ಟಳು. ತಲೆ ತಗ್ಗಿಸಿ ಮುಂದಿನ ಹಿಟ್ಟಿನ ಉಂಡೆ ತಟ್ಟತೊಡಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಮಾಳಮ್ಮ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕಂಕುಳಲ್ಲಿ ತನ್ನ ಹಲಗೆಯನ್ನೂ ತಂದಿದ್ದಳು. ಅನಸುಬಾಯಿಯ ಕೈ ಕಲ್ಲಿನ ಮೇಲೆ ನಿಂತುಹೋಯಿತು.

ಭೀಮಬಾಯಿ ಒಲೆಗೆ ಕಟ್ಟಿಗೆ ತಳ್ಳಿದಳು. ಏನೂ ತಿಳಿಯದವಳಂತೆ ಮುಖ ಮಾಡಿಕೊಂಡು ತಿರುಗಿ ನೋಡಿದಳು.

“ಬಾ ಮಾಳಮ್ಮ, ಕುಂದ್ರು. ಹಲಗಿ ಯಾಕ ಹೊತ್ಕೊಂಡು ಬಂದೀದಿ? ನಮ್ಮ ಅನಸೂ ರೊಟ್ಟಿ ಬಡಿಲಿಕತ್ತಾಳ. ನಿನಗ ಉಣ್ಣಾಕ ಕರದಿದ್ದೆ.”